ವರವು ಕಾವಲ್: ಬಿತ್ತದೆ ಹುಲ್ಲು ಬೆಳೆಸಿದ ಕಥೆ

2023ರ ಏಪ್ರಿಲ್ 2ರ ಬೆಳಿಗ್ಗೆ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ಒಂದು ಪುಟ್ಟ ರೆಕ್ಕೆ ವಾಹನವನ್ನು ಕೆಳಗೆ ತೂಗುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೋಗಿ ಕೈಬಿಟ್ಟಿತು. ಪೈಲಟ್ ಇಲ್ಲದ ಆ ವಾಹನ ತಾನೇ ದಾರಿ ನೋಡಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. 'ಚಿತ್ರದುರ್ಗದ ಏರೊನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಯಶಸ್ವಿ ಪ್ರಯೋಗ' ಅಂತ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬಂತು. ನಮ್ಮ ತಾಲ್ಲೂಕಿನ ಹೆಸರು ದೇಶಕ್ಕೆಲ್ಲ ಕೇಳಿಸಿತು ಅಂತ ನಮಗೂ ಖುಷಿಯೇ.

ಆದರೆ ಆ ರನ್‌ವೇ ಇರುವ ನೆಲಕ್ಕೆ ಅದಕ್ಕಿಂತ ಹಳೆಯ ಹೆಸರೊಂದಿದೆ. ವರವು ಕಾವಲ್. ಸುದ್ದಿಗಳಲ್ಲಿ ಆ ಹೆಸರು ಹೆಚ್ಚು ಬರಲಿಲ್ಲ. ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ದನ ಕುರಿ ಸಾಕುವ ಮನೆಗಳಲ್ಲಿ ಮಾತ್ರ ಅದು ಇನ್ನೂ ಬಾಯಲ್ಲಿದೆ. ಈ ಬರಹ ಆ ಹೆಸರಿನ ಎರಡನೇ ಪದದ ಬಗ್ಗೆ. 'ಕಾವಲ್' ಅನ್ನೋ ಪದದಲ್ಲೇ ಹುಲ್ಲು ಬೆಳೆಸುವ ಒಂದು ವಿದ್ಯೆ ಅಡಗಿದೆ. ಅದನ್ನು ಮರೆತಿದ್ದರಿಂದ ನಾವು ಪ್ರತಿ ಬರದಲ್ಲೂ ಗೋಶಾಲೆ ಯಾವಾಗ ತೆರೆಯುತ್ತಾರೆ ಅಂತ ಕಾಯುತ್ತಾ ಕೂರುತ್ತೇವೆ.

ಕಾಯುವುದೇ ಬೇಸಾಯ

ಕಾವಲು ಅಂದರೆ ಕಾಯುವುದು. ಹೊಲ ಕಾಯುತ್ತೇವೆ, ಮನೆ ಕಾಯುತ್ತೇವೆ. ಹುಲ್ಲನ್ನು ಯಾರಾದರೂ ಕಾಯುತ್ತಾರಾ? ಮೈಸೂರು ಸೀಮೆಯಲ್ಲಿ ನೂರಾರು ವರ್ಷ ಕಾದರು.

ಕಥೆ ಚಿಕ್ಕದೇವರಾಜ ಒಡೆಯರ ಕಾಲಕ್ಕೆ (1673–1704) ಹೋಗುತ್ತದೆ. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಅವರು ಹಸುಗಳ ಒಂದು ಇಲಾಖೆಯನ್ನೇ ಮಾಡಿದ್ದರು. ಅದರ ಹೆಸರು ಬೆಣ್ಣೆ ಚಾವಡಿ. ಆ ಹಸುಗಳು ಮೇಯಲು ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲು ಮೀಸಲಿಟ್ಟರು. ಮುಂದೆ ಹೈದರಾಲಿ ಬಂದ. ಅವನಿಗೆ ಬೆಣ್ಣೆಗಿಂತ ಹೆಚ್ಚಾಗಿ ಬೇಕಿದ್ದದ್ದು ಫಿರಂಗಿ ಎಳೆಯುವ ಎತ್ತು. ಹಾಗಲವಾಡಿ ಪಾಳೆಯಗಾರರ ದನಗಳನ್ನೂ ಸೇರಿಸಿಕೊಂಡು ಹಿಂಡು ದೊಡ್ಡದು ಮಾಡಿದ. ಈ ಎತ್ತುಗಳ ಬಲದಿಂದಲೇ ಅವನ ಸೈನ್ಯ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತು ಅಂತ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರನ ಕೈಗೆ ಹೋಯಿತು. ಟಿಪ್ಪು ಬೆಣ್ಣೆ ಚಾವಡಿಗೆ 'ಅಮೃತ ಮಹಲ್' ಅಂತ ಹೆಸರಿಟ್ಟು, ದನಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹುಕುಂನಾಮೆಯನ್ನೇ ಹೊರಡಿಸಿದ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಸೊರಗಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಗೆ ಅದನ್ನು ವಹಿಸಿದರು. 1860ರಲ್ಲಿ ಖರ್ಚು ಉಳಿಸಬೇಕು ಅಂತ ಬ್ರಿಟಿಷರು ಹಿಂಡನ್ನೇ ಮಾರಿಬಿಟ್ಟರು. ಆಮೇಲೆ ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ಕೈ ಹಿಚುಕಿಕೊಂಡು 1866ರಲ್ಲಿ ಮತ್ತೆ ಶುರುಮಾಡಿದರು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಸ್ವಲ್ಪ ಕಾಲದಲ್ಲೇ ಅಮೃತ ಮಹಲ್ ಕೂಡ ಮೈಸೂರು ಸರ್ಕಾರದ ಕೈಗೆ ಬಂತು. 1900ರಲ್ಲಿ ಕಾವಲುಗಳ ರಕ್ಷಣೆಗೆಂದೇ ನಿಯಮಗಳಾದವು. ಇವತ್ತಿಗೂ ಆ ತಳಿಯ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ರಾಜರು ಬದಲಾದರು, ಇಲಾಖೆ ಬದಲಾಯಿತು. ಹುಲ್ಲು ಬೆಳೆಸುವ ರೀತಿ ಮಾತ್ರ ಬದಲಾಗಲಿಲ್ಲ. ಕಾವಲುಗಳನ್ನು ಮೂರು ಬಗೆ ಮಾಡಿದ್ದರು: ಮಳೆಗಾಲದವು, ಚಳಿಗಾಲದವು, ಬೇಸಿಗೆಯವು. ಬೇಸಿಗೆಯ ಕಾವಲು ಅಂದರೆ ಕೆರೆಯಂಗಳದಂಥ ಜಾಗ, ನೀರು ಇಂಗಿದ ಮೇಲೂ ಒಂದಿಷ್ಟು ಹಸಿರು, ಒಂದಿಷ್ಟು ಮರದ ನೆರಳು ಇರುವಂಥದ್ದು. ಮಳೆಗಾಲದ, ಚಳಿಗಾಲದ ಕಾವಲುಗಳಲ್ಲಿ ಹುಲ್ಲು ಹೇರಳ, ಬೇಸಿಗೆಗೆ ನೀರು ಇರುವುದಿಲ್ಲ. ಹಿಂಡು ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಹಿಂಡು ಇಲ್ಲದ ಕಾಲದಲ್ಲಿ ಕಾವಲುಗಾರ ಇರುತ್ತಿದ್ದ. ಬೇರೆಯವರ ದನ ಹೊಗದಂತೆ ನೋಡಿಕೊಳ್ಳುವುದು ಅವನ ಕೆಲಸ.

ಯಾರೂ ಬೀಜ ಬಿತ್ತಲಿಲ್ಲ, ಗೊಬ್ಬರ ಚೆಲ್ಲಲಿಲ್ಲ, ನೇಗಿಲು ಹೂಡಲಿಲ್ಲ. ಮೇಯುವ ಕಾಲ ಮತ್ತು ಬಿಡುವಿನ ಕಾಲ, ಇವೆರಡನ್ನು ಬೇರೆ ಮಾಡಿದರು. ಅಷ್ಟಕ್ಕೇ ಹುಲ್ಲು ನೂರಾರು ವರ್ಷ ಬಂತು.

ಇದನ್ನು ಹಳೆಯ ಒಳ್ಳೆಯ ಕಾಲ ಅಂತ ಹೊಗಳಬೇಕಿಲ್ಲ. ಕಾವಲು ದೊರೆಯ ದನಕ್ಕೆ, ಯುದ್ಧದ ಎತ್ತಿಗೆ ಮೀಸಲು. ನಮ್ಮ ಹಿರಿಯರ ದನ ಒಳಗೆ ನುಗ್ಗಿದರೆ ದೊಡ್ಡಿ ಸೇರುತ್ತಿತ್ತು. ಕಾವಲು ಹಳ್ಳಿಯವರ ಬದುಕಿಗೆ ಹತ್ತಿರವಾಗಿದ್ದು ಸೈನ್ಯಕ್ಕೆ ಎತ್ತು ಬೇಡವಾದ ಮೇಲೆ. ಆದರೆ ವಿದ್ಯೆ ಯಾರದ್ದಾದರೂ ವಿದ್ಯೆಯೇ ತಾನೇ.

ಬುಡದ ಗುಟ್ಟು

ಈ ರೀತಿ ಯಾಕೆ ಫಲ ಕೊಟ್ಟಿತು ಅಂತ ತಿಳಿಯಬೇಕಾದರೆ ಬಗ್ಗಿ ಹುಲ್ಲಿನ ಬುಡ ನೋಡಬೇಕು.

ನಮ್ಮ ಕಡೆಯ ಹುಲ್ಲಿನಲ್ಲಿ ಎರಡು ಜಾತಿ. ಒಂದು, ಮಳೆ ಬಿದ್ದಾಗ ಬೀಜದಿಂದ ಹುಟ್ಟಿ, ತೆನೆ ಬಿಟ್ಟು, ಅದೇ ವರ್ಷ ಸಾಯುವುದು. ಇನ್ನೊಂದು, ಕುಚ್ಚು ಕುಚ್ಚಾಗಿ ಬುಡ ಕಟ್ಟಿಕೊಂಡು ವರ್ಷಾನುಗಟ್ಟಲೆ ಬದುಕುವುದು. ಬೇಸಿಗೆಯಲ್ಲಿ ಒಣಗಿ ಸತ್ತ ಹಾಗೆ ಕಾಣುತ್ತದೆ, ಒಂದು ಹದ ಮಳೆ ಬಿದ್ದರೆ ವಾರದಲ್ಲಿ ಹಸಿರು ಚಿಗುರು. ಉಣ್ಣೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು, ಪೊರಕೆ ಕಟ್ಟುವ ಹಂಚಿ ಹುಲ್ಲು, ದನ ಇಷ್ಟಪಟ್ಟು ತಿನ್ನುವ ಅಂಜನ ಹುಲ್ಲು, ಎಲ್ಲ ಈ ಎರಡನೇ ಜಾತಿಗೆ ಸೇರಿದವು.

ಇವು ಆಹಾರವನ್ನು ಕೂಡಿಟ್ಟುಕೊಳ್ಳುವುದು ಬುಡದಲ್ಲಿ ಮತ್ತು ಬೇರಿನಲ್ಲಿ. ಮೊದಲ ಮಳೆಗೆ ಬರುವ ಚಿಗುರು ಆ ಉಳಿತಾಯದ ಹಣದಿಂದ ಬಂದದ್ದು. ಚಿಗುರು ಎಲೆಯಾಗಿ, ಬಿಸಿಲು ಕುಡಿದು, ಬುಡಕ್ಕೆ ಸಾಲ ತೀರಿಸಲು ಕೆಲವು ವಾರ ಬೇಕು. ಅಷ್ಟರೊಳಗೆ ಕುರಿ ಬಾಯಿ ಹಾಕಿದರೆ? ಮತ್ತೆ ಉಳಿತಾಯದಿಂದ ತೆಗೆದು ಚಿಗುರುತ್ತದೆ. ಮತ್ತೆ ಬಾಯಿ ಹಾಕಿದರೆ ಬೇರು ಕುಗ್ಗುತ್ತದೆ. ಹೀಗೆ ನಾಲ್ಕೈದು ವರ್ಷ ನಡೆದರೆ ಒಂದು ದಿನ ಬ್ಯಾಂಕ್ ಖಾಲಿ. ಬುಡ ಸಾಯುತ್ತದೆ. ಆ ಜಾಗಕ್ಕೆ ವರ್ಷದ ಹುಲ್ಲು ಬರುತ್ತದೆ, ಅದರ ಹಿಂದೆ ಪಾರ್ಥೇನಿಯಂ, ತಂಗಡಿ ಗಿಡ, ಕೊನೆಗೆ ಬಳ್ಳಾರಿ ಜಾಲಿ.

ಹಾಗಂತ ಮೇಯಿಸಲೇಬಾರದು ಅಂತಲೂ ಅಲ್ಲ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಬುಡದಲ್ಲಿ ಹಳೆಯ ಒಣ ಎಲೆ ಗಟ್ಟಿಯಾಗಿ ಕೂತು, ಹೊಸ ಚಿಗುರಿಗೆ ಬೆಳಕು ಸಿಗದೆ ನಡು ಸಾಯುತ್ತದೆ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಎಲ್ಲ ಬೂದಿ. ಕುಚ್ಚು ಹುಲ್ಲಿಗೆ ಬಾಯಿಯೂ ಬೇಕು, ಬಿಡುವೂ ಬೇಕು. ಮಳೆಗಾಲ, ಚಳಿಗಾಲ, ಬೇಸಿಗೆ ಅಂತ ಕಾವಲು ಹಂಚಿದವರು ಬೇರಿನ ಶಾಸ್ತ್ರ ಓದಿರಲಿಲ್ಲ. ನೋಡಿ ನೋಡಿ ಕಲಿತಿದ್ದರು.

ಹಟ್ಟಿಗಳಿಗೆ ಈ ಹುಲ್ಲು ಏನಾಗಿತ್ತು

ಚಳ್ಳಕೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು. ರಾಜ್ಯದಲ್ಲೇ ಕಡಿಮೆ ಮಳೆಯ ಸೀಮೆಗಳಲ್ಲಿ ಇದೊಂದು. ಶೇಂಗಾ ಕೈಕೊಟ್ಟ ವರ್ಷ ಮನೆ ನಡೆಸಿದ್ದು ಕುರಿ. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು ಮಗ್ಗದಿಂದ ಮಾತ್ರ ಅಲ್ಲ, ಕುರಿ ಮೇದ ನೆಲದಿಂದಲೂ.

ಕುರಿಗಾಹಿಗಳಿಗೆ ಹುಲ್ಲಿನ ಕ್ಯಾಲೆಂಡರ್ ಬಾಯಿಪಾಠ. ಊಬಿನ ಹುಲ್ಲು ಎಳೆಯದಿದ್ದಾಗ ಒಳ್ಳೆ ಮೇವು. ತೆನೆ ಬಲಿತ ಮೇಲೆ ಅದೇ ಹುಲ್ಲು ಶತ್ರು. ಬೀಜದ ತುದಿ ಸೂಜಿಯ ಹಾಗೆ, ಹಿಂದಿನ ಊಬು ತೇವಕ್ಕೆ ಬಿಚ್ಚಿಕೊಂಡು ಒಣಗಿದಾಗ ಮುರಿದುಕೊಂಡು ತಿರುಗುತ್ತದೆ. ಹೀಗೆ ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ಮಣ್ಣಿಗೆ ನಾಟಿಕೊಳ್ಳುತ್ತದೆ. ಮಣ್ಣಿನ ಬದಲು ಕುರಿಯ ಮೈ ಸಿಕ್ಕರೆ ಉಣ್ಣೆ ದಾಟಿ ಚರ್ಮಕ್ಕೂ ಇಳಿಯುತ್ತದೆ. ಅದಕ್ಕೇ ತೆನೆ ಬಲಿಯುವ ಕಾಲಕ್ಕೆ ಹಿಂಡನ್ನು ಬೇರೆ ಕಡೆ ತಿರುಗಿಸುವುದು. ಕುರಿಗೆ ನೋವು ತಪ್ಪಿತು, ಹುಲ್ಲಿಗೆ ಬೀಜ ಉದುರಿಸಲು ಬಿಡುವು ಸಿಕ್ಕಿತು.

ಹಂಚಿ ಹುಲ್ಲಿನ ಲೆಕ್ಕ ಬೇರೆ. ಅದು ದನಕ್ಕೆ ಅಷ್ಟಕ್ಕಷ್ಟೇ, ಆದರೆ ಒಣಗಿದ ಕಡ್ಡಿ ಪೊರಕೆಗೆ ಹೇಳಿ ಮಾಡಿಸಿದ್ದು. ಕಡ್ಡಿ ಕಿತ್ತು, ಬಡಿದು, ಕಟ್ಟು ಕಟ್ಟಿ ಮಾರುವುದು ಬಡವರ ಮನೆಯ ಹೆಣ್ಣುಮಕ್ಕಳಿಗೆ ಸುಗ್ಗಿ ಮುಗಿದ ಮೇಲಿನ ಕೈಕಾಸು.

ಇನ್ನು ದೇವರ ಎತ್ತುಗಳು. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ನೋಡಿಕೊಳ್ಳಲು ಕಿಲಾರಿ ಇರುತ್ತಾರೆ. ದುಡಿಯದ, ಮಾರಾಟಕ್ಕಿಲ್ಲದ ನೂರಾರು ಎತ್ತುಗಳನ್ನು ಯಾವ ಮನೆಯೂ ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿ ಸಾಕಲಾರದು. ಬಯಲಿನ ಹುಲ್ಲು ಇದ್ದುದರಿಂದಲೇ ಆ ಪದ್ಧತಿ ಉಳಿಯಿತು. ಈಗ ಬರ ಬಂದಾಗಲೆಲ್ಲ ದೇವರ ಎತ್ತುಗಳಿಗೆ ಮೇವು ದಾನ ಮಾಡಿ ಅಂತ ಮನವಿ ಬರುತ್ತದೆ, ಅದನ್ನು ಸುದ್ದಿ ಮಾಡುವುದು ನಮ್ಮಂಥವರ ಕೆಲಸವಾಗಿದೆ. ಮೇವು ತಂದ ಲಾರಿಯ ಫೋಟೊ ಹಾಕುತ್ತೇವೆ. ಮೇವು ಯಾಕಿಲ್ಲ ಅಂತ ಬರೆಯುವುದು ಕಡಿಮೆ.

ಗೋಡೆ ಬಂತು

2008ರ ನಂತರದ ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದವು. ವರವು ಕಾವಲ್‌ನಲ್ಲಿ ಡಿಆರ್‌ಡಿಒಗೆ 4,290 ಎಕರೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಉಳ್ಳಾರ್ತಿ ಕಾವಲ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಇಸ್ರೊಗೂ ಜಾಗ ಸಿಕ್ಕಿತು. ಎಷ್ಟೋ ಹಳ್ಳಿಗಳಿಗೆ ವಿಷಯ ತಿಳಿದದ್ದು ಕಾಂಪೌಂಡ್ ಗೋಡೆ ಏಳತೊಡಗಿದಾಗ. ದಿನಾ ಹೋಗುವ ದಾರಿಯಲ್ಲಿ ಕುರಿ ಹಿಂಡು ಹೋಗಿ ಗೋಡೆಗೆ ಮುಖ ಕೊಟ್ಟು ನಿಂತಿತು.

ದೊಡ್ಡ ಉಳ್ಳಾರ್ತಿ ಸುತ್ತಿನ ಜನ ಹೋರಾಟಕ್ಕಿಳಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು. 2016ರ ನವೆಂಬರ್‌ನಲ್ಲಿ ರುಸ್ತುಂ-2 ಎಂಬ ಪೈಲಟ್‌ರಹಿತ ವಿಮಾನ ಇಲ್ಲಿಂದ ಮೊದಲ ಸಲ ಹಾರಿತು. 2017ರ ಮೇನಲ್ಲಿ ಟೆಸ್ಟ್ ರೇಂಜ್ ಅಧಿಕೃತವಾಗಿ ಉದ್ಘಾಟನೆಯಾಯಿತು.

ದೇಶಕ್ಕೆ ರನ್‌ವೇ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮೂರ ಹುಡುಗರೂ ಅಲ್ಲಿ ಕೆಲಸ ಕೇಳುತ್ತಿದ್ದಾರೆ. ಪ್ರಶ್ನೆ ಇರುವುದು ಕಾಗದದಲ್ಲಿ. ಉಳುಮೆ ಇಲ್ಲದ, ಮರ ಇಲ್ಲದ ಬಯಲನ್ನು ಸರ್ಕಾರದ ಲೆಕ್ಕ 'ಖರಾಬು' ಅನ್ನುತ್ತದೆ, 'ಬಂಜರು' ಅನ್ನುತ್ತದೆ. ಖರಾಬು ಅಂದ ಮೇಲೆ ಅದನ್ನು ಕೊಡಲು ಯಾರೂ ಎರಡು ಸಲ ಯೋಚಿಸುವುದಿಲ್ಲ. ಸಾವಿರಾರು ಕುರಿ, ಕಂಬಳಿ, ಪೊರಕೆ, ದೇವರ ಎತ್ತು, ಕೃಷ್ಣಮೃಗ ಎಲ್ಲ ಆ ಒಂದು ಪದದ ಕೆಳಗೆ ಮುಚ್ಚಿಹೋಗುತ್ತವೆ.

ಗೋಡೆಯ ಈಚೆ

ಗೋಡೆಯ ಆಚೆಯ ನೆಲ ಇನ್ನು ನಮ್ಮ ಕೈಗೆ ಬರುವುದು ಕಷ್ಟ. ಈಚೆ ಉಳಿದ ನೆಲದ ಮಾತೇನು? ಪಹಣಿಯಲ್ಲಿ ಗೋಮಾಳ, ಹುಲ್ಲುಬನ್ನಿ, ಮುಫತ್ ಕಾವಲ್ ಅಂತ ಬರೆದ ತುಂಡುಗಳು ನಮ್ಮೂರುಗಳಲ್ಲಿ ಇನ್ನೂ ಇವೆ. ಕಾವಲುಗಳಿಂದ ಹೊರಬಿದ್ದ ಹಿಂಡೆಲ್ಲ ಈಗ ಅವುಗಳ ಮೇಲೆ. ಜೂನ್‌ನಲ್ಲಿ ಚಿಗುರು ಬಂದ ದಿನವೇ ಮೇವು ಶುರು, ಮುಂದಿನ ಮೇವರೆಗೆ ಬಿಡುವಿಲ್ಲ. ಬುಡದ ಬ್ಯಾಂಕ್ ಎಂದೋ ಖಾಲಿಯಾಗಿದೆ.

ಒಂದು ನಿಯಮ ನೆನಪಿಡಿ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಚಿತ ಗೋಮಾಳ ಇರಬೇಕು. ಒಂದು ದನಕ್ಕೆ 12 ಗುಂಟೆ. ನಿಮ್ಮೂರ ಜಾನುವಾರು ಗಣತಿ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ, ಗೋಮಾಳದ ವಿಸ್ತೀರ್ಣ ಪಹಣಿಯಲ್ಲಿರುತ್ತದೆ. ಭಾಗಿಸಿ ನೋಡಿ. ಇನ್ನೊಂದು: 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಿಸಬೇಕು ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ.

ಆದರೆ ನೆಲ ಉಳಿದ ಮಾತ್ರಕ್ಕೆ ಹುಲ್ಲು ಬರುವುದಿಲ್ಲ. ಅದಕ್ಕೆ ಕಾವಲು ಬೇಕು. ಇದು ಆಗುವ ಮಾತೇ ಅಂತ ಕೇಳುವವರು ತಮಿಳುನಾಡಿನ ಕಾಂಗೇಯಂ ಕಡೆ ನೋಡಬಹುದು. ನಮ್ಮ ಹಾಗೇ ಮಳೆ ಕಡಿಮೆ, ನೆಲ ಕೆಂಪು. ಅಲ್ಲಿನ ರೈತರು 'ಕೊರಂಗಾಡು' ಅನ್ನೋ ಹುಲ್ಲುಗಾವಲುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡಿದ್ದಾರೆ. ಸುತ್ತ ಮುಳ್ಳಿನ ಜೀವಂತ ಬೇಲಿ, ನಡುವೆ ನಮ್ಮ ಬಿಳಿಜಾಲಿಯ ಮರಗಳು, ನೆಲದಲ್ಲಿ ಕೊಳುಕಟ್ಟೈ ಹುಲ್ಲು. ಒಂದು ಪಟ್ಟಿ ಮೇಯಿಸಿ ಇನ್ನೊಂದಕ್ಕೆ ಬಿಡುವು ಕೊಡುತ್ತಾರೆ. ಹೆಸರಾಂತ ಕಾಂಗೇಯಂ ಎತ್ತು ಬೆಳೆದದ್ದು ಆ ಹುಲ್ಲಿನಲ್ಲಿ. ಕೊಳುಕಟ್ಟೈ ಅಂದರೆ ಬೇರೇನಲ್ಲ, ನಮ್ಮ ಅಂಜನದ ಕುಲವೇ.

ಅಂಜನ ಬೆಳೆಸುವುದು ಹೀಗೆ

ಕುಚ್ಚು ಹುಲ್ಲುಗಳಲ್ಲಿ ಬೀಜ ಸುಲಭವಾಗಿ ಸಿಗುವುದು ಅಂಜನದ್ದು. ಸಸ್ಯಶಾಸ್ತ್ರದ ಹೆಸರು ಸೆಂಕ್ರಸ್ ಸಿಲಿಯಾರಿಸ್. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಬುಂದೇಲ್ ಅಂಜನ್-1, ಬುಂದೇಲ್ ಅಂಜನ್-3 ತಳಿಗಳಿವೆ. ಆ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲಿದೆ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು.

ನೆಲ: ನೀರು ನಿಲ್ಲದ ಕೆಂಪು, ಮರಳು ಮಿಶ್ರಿತ ಭೂಮಿ. ನೀರು ನಿಲ್ಲುವ ಎರೆಯಲ್ಲಿ ಬುಡ ಕೊಳೆಯುತ್ತದೆ. ಹೊಲದ ಬದು, ಶೇಂಗಾ ಬಾರದ ಕಲ್ಲು ಹೊಲದ ಅಂಚು ಸಾಕು.

ಬೀಜ: ಎಕರೆಗೆ ಸುಮಾರು 2 ಕೆ.ಜಿ. ಆಗ ತಾನೇ ಕಿತ್ತ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಹಿಂದಿನ ವರ್ಷದ ಬೀಜ ಬಿತ್ತಿ. ಬೀಜ ಹತ್ತಿಯ ಹಾಗೆ ಹಗುರ, ಗಾಳಿಗೆ ಹಾರುತ್ತದೆ. ಒದ್ದೆ ಮರಳಿನ ಜೊತೆ ಕಲಸಿ, ಇಲ್ಲವೇ ಮಣ್ಣು ಸಗಣಿಯಲ್ಲಿ ಸಣ್ಣ ಉಂಡೆ ಮಾಡಿ ಒಣಗಿಸಿಕೊಳ್ಳಿ.

ಬಿತ್ತನೆ: ಆರಿದ್ರಾ ಮಳೆಯ ಹೊತ್ತಿಗೆ ನೆಲ ಹದ ಮಾಡಿಟ್ಟುಕೊಂಡು, ಮಳೆ ಹಿಡಿದ ಮೇಲೆ ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಟ್ಟು ಬಿತ್ತಿ. ಆಳ ಒಂದು ಸೆಂ.ಮೀ. ದಾಟಬಾರದು. ಮೇಲೆ ಮುಳ್ಳಿನ ಕೊಂಬೆ ಎಳೆದರೆ ಸಾಕು. ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ.

ಬುಡ ನಾಟಿ: ಹಳೆಯ ಬುಡ ಸಿಕ್ಕರೆ ಇದೇ ಖಾತ್ರಿ ದಾರಿ. ಬುಡ ಕಿತ್ತು ಬೇರು ಸಮೇತ ಸೀಳಿ, ಎಲೆಯ ತುದಿ ಕತ್ತರಿಸಿ, ಸಾಲಿನಲ್ಲಿ ಅಡಿಗೊಂದರಂತೆ ನೆಡಿ. ನಮ್ಮಲ್ಲಿ ಮಳೆ ಜೋರಾಗುವುದು ಉಬ್ಬೆ, ಉತ್ತರೆಯಲ್ಲಿ. ಅದಕ್ಕೆ ಮೊದಲು ಬೇರು ಹಿಡಿದಿರಬೇಕು.

ಮೊದಲ ವರ್ಷ: ದನ, ಕುರಿ ಬಿಡಲೇಬೇಡಿ. ಎಳೆ ಗಿಡವನ್ನು ಬೇರು ಸಮೇತ ಎಳೆದುಬಿಡುತ್ತವೆ. ಒಂದು ಸಲ ಕಳೆ ತೆಗೆಯಿರಿ. ಹೂ ಬರುವ ಹೊತ್ತಿಗೆ ಕುಡುಗೋಲಿನಿಂದ ಕೊಯ್ಯಿರಿ, ನೆಲದಿಂದ ನಾಲ್ಕು ಬೆರಳು ಬಿಟ್ಟು. ಆ ನಾಲ್ಕು ಬೆರಳೇ ಬುಡದ ಬ್ಯಾಂಕ್.

ಜೊತೆ ಬೆಳೆ: ಸಾಲಿನ ನಡುವೆ ಸ್ಟೈಲೊ ಎಂಬ ದ್ವಿದಳ ಮೇವು ಬಿತ್ತಿದರೆ ಮಣ್ಣಿಗೂ ಒಳ್ಳೆಯದು, ಮೇವಿಗೂ ಸತ್ವ.

ಎರಡನೇ ವರ್ಷದಿಂದ ಮೇಯಿಸಬಹುದು. ಜಾಗವನ್ನು ಮೂರು ನಾಲ್ಕು ತುಂಡು ಮಾಡಿ ಸರದಿಯಲ್ಲಿ ಬಿಡಿ. ಮೊದಲ ಚಿಗುರಿಗೆ ಬಿಡುವು, ಬೀಜ ಉದುರುವಾಗ ಒಂದು ತುಂಡಿಗಾದರೂ ಬಿಡುವು. ಹೀಗೆ ನೋಡಿಕೊಂಡರೆ ಮತ್ತೆ ಬಿತ್ತದೆ ಹಲವು ವರ್ಷ ಬರುತ್ತದೆ.

ಒಂದು ಎಚ್ಚರಿಕೆ. ಗೋಮಾಳದಲ್ಲಿ ಅಳಿದುಳಿದ ನಾಟಿ ಹುಲ್ಲಿದ್ದರೆ ಅದನ್ನು ಉತ್ತು ಅಂಜನ ಹಾಕಬೇಡಿ. ಇದೇ ಹುಲ್ಲು ಆಸ್ಟ್ರೇಲಿಯಾಕ್ಕೆ ಹೋಗಿ ಹಬ್ಬಿ, ಅಲ್ಲಿನ ಸ್ಥಳೀಯ ಗಿಡಗಳಿಗೆ ಕುತ್ತು ತಂದಿದೆ. ನಮ್ಮದು ಅದರ ತವರು ಸೀಮೆಯೇ ಆದರೂ ಹತ್ತು ಬಗೆಯ ಹುಲ್ಲಿರುವ ಬಯಲು ಒಂದೇ ಬಗೆಯ ಬಯಲಿಗಿಂತ ಗಟ್ಟಿ. ಅಂಜನ ಹೊಲದ ಬದುವಿಗೆ, ಬರಡಾದ ತುಂಡಿಗೆ. ಗೋಮಾಳಕ್ಕೆ ಮೊದಲ ಮದ್ದು ಬಿಡುವು.

ಈ ಮುಂಗಾರಿಗೆ

ನಾಯಕನಹಟ್ಟಿ ತಿಪ್ಪೇಸ್ವಾಮಿಯ ಮಾತು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು: ಮಾಡಿದಷ್ಟು ನೀಡು ಭಿಕ್ಷೆ. ಹುಲ್ಲಿನ ಬುಡ ಹೇಳುವುದೂ ಅದನ್ನೇ.

ಊರಿನ ಇಡೀ ಗೋಮಾಳ ಒಂದೇ ಸಲ ಮುಚ್ಚಿ ಅಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕುರಿ ನಾಳೆ ಎಲ್ಲಿಗೆ ಹೋಗಬೇಕು? ನಾಲ್ಕನೇ ಒಂದು ಭಾಗ ಸಾಕು. ಮೊದಲ ಮಳೆಯಿಂದ ದಸರೆಯವರೆಗೆ ಆ ತುಂಡಿಗೆ ದನ ಕುರಿ ಬಿಡುವುದಿಲ್ಲ ಅಂತ ಗ್ರಾಮಸಭೆಯಲ್ಲಿ ಕುರಿ ಇರುವವರೂ ಇಲ್ಲದವರೂ ಕೂತು ತೀರ್ಮಾನಿಸಬಹುದು. ದಸರೆ ಮುಗಿದ ಮೇಲೆ ಕೊಯ್ದು ಹಂಚಿಕೊಳ್ಳಬಹುದು. ಮುಂದಿನ ವರ್ಷ ಇನ್ನೊಂದು ತುಂಡು. ಕಾಯಲು ಒಬ್ಬರನ್ನು ಇಟ್ಟು, ಮನೆಗಿಷ್ಟು ಅಂತ ಕೂಲಿ ಕೊಡಬಹುದು.

ದೊರೆಯ ದನಕ್ಕೆ ಕಾವಲುಗಾರ ಇದ್ದ. ರನ್‌ವೇಗೂ ಈಗ ಕಾವಲುಗಾರ ಇದ್ದಾನೆ. ನಮ್ಮೂರ ಹುಲ್ಲಿಗೆ ಮಾತ್ರ ಯಾರೂ ಇಲ್ಲ. ನಿಮ್ಮೂರಿನಲ್ಲಿ ಈ ಮಳೆಗಾಲ ಒಂದು ತುಂಡು ಮುಚ್ಚಿದರೆ ನಮಗೆ ತಿಳಿಸಿ. ದಸರೆಯ ಹೊತ್ತಿಗೆ ಬಂದು ಬೇಲಿಯ ಆಚೆ ಈಚೆ ಎರಡೂ ಕಡೆಯ ಹುಲ್ಲು ನೋಡಿ ಬರೆಯುತ್ತೇವೆ.